ಅನಾಥ ಆನೆಮರಿಗಳೂ ಆಫ್ರಿಕಾದ ವನ್ಯಜೀವಿ ರಕ್ಷಣೆಯೂ: ಪದೇ ಪದೇ ಕೇಳುವ ಪ್ರಶ್ನೆಗಳು

ಕಂಬಳಿ ಹೊದ್ದ ಆನೆಮರಿ ಬಾಟಲಿಯಿಂದ ಹಾಲು ಕುಡಿಯುವ ದೃಶ್ಯವನ್ನು ಮೊಬೈಲಿನಲ್ಲಿ ನೋಡದವರು ಈಗ ಕಡಿಮೆ. ಆ ಮರಿಗಳಲ್ಲಿ ಹೆಚ್ಚಿನವು ಕೀನ್ಯಾ ದೇಶದವು. ಅವು ಎಲ್ಲಿಂದ ಬಂದವು, ಮುಂದೆ ಏನಾಗುತ್ತವೆ, ಇಷ್ಟು ಶ್ರಮದಿಂದ ಕಾಡಿಗೆ ಏನು ಲಾಭ, ದೂರದಲ್ಲಿರುವ ನಾವು ಮಾಡಬಹುದಾದದ್ದು ಏನಾದರೂ ಇದೆಯೇ ಎಂದು ಕನ್ನಡ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಮಾತು ಹೆಚ್ಚಾಗಿ ಕೀನ್ಯಾದ ಆನೆಗಳದ್ದು. ಅಗತ್ಯವಿರುವಲ್ಲಿ ಆಫ್ರಿಕಾದ ಬೇರೆ ದೇಶಗಳ, ಬೇರೆ ಪ್ರಾಣಿಗಳ ಪ್ರಸ್ತಾಪವೂ ಬರುತ್ತದೆ.

ಆನೆಮರಿಗಳು ಅನಾಥವಾಗುವುದು ಹೇಗೆ?

ದಂತಕ್ಕಾಗಿ ನಡೆಯುವ ಕಳ್ಳಬೇಟೆಯೇ ಬಹುಕಾಲ ಮುಖ್ಯ ಕಾರಣವಾಗಿತ್ತು. ಆಫ್ರಿಕಾದ ಹುಲ್ಲುಗಾವಲಿನ ಆನೆಗಳಲ್ಲಿ ಹೆಣ್ಣಿಗೂ ದಂತವಿರುವುದರಿಂದ ಅಲ್ಲಿ ಬೇಟೆಗಾರನ ಗುಂಡಿಗೆ ತಾಯಿಯೂ ಗುರಿಯಾಗುತ್ತಾಳೆ, ಹಾಲು ಕುಡಿಯುವ ಮರಿ ಹೆಣದ ಪಕ್ಕದಲ್ಲಿಯೇ ಉಳಿಯುತ್ತದೆ. ಏಷ್ಯಾದ ಹೆಣ್ಣಾನೆಗಳಿಗೆ ಹೊರಗೆ ಕಾಣುವ ದೊಡ್ಡ ದಂತಗಳಿಲ್ಲದ್ದರಿಂದ ನಮ್ಮ ಕಾಡುಗಳಲ್ಲಿ ಈ ದುರಂತ ಇದೇ ರೂಪದಲ್ಲಿ ನಡೆಯಲಿಲ್ಲ.

ಕೀನ್ಯಾದಲ್ಲಿ ದಂತದ ಬೇಟೆ ಈಗ ಬಹಳಷ್ಟು ತಗ್ಗಿದೆ. ಆದರೆ ಬರಗಾಲ ತಗ್ಗಿಲ್ಲ. ಸತತವಾಗಿ ಮಳೆ ಕೈಕೊಟ್ಟ 2022ರಲ್ಲಿ ಫೆಬ್ರವರಿಯಿಂದ ಅಕ್ಟೋಬರ್‌ವರೆಗಿನ ಒಂಬತ್ತು ತಿಂಗಳಲ್ಲಿ 205 ಆನೆಗಳು, 512 ವಿಲ್ಡೆಬೀಸ್ಟ್‌ಗಳು ಮತ್ತು 381 ಸಾಮಾನ್ಯ ಜೀಬ್ರಾಗಳು ಸತ್ತವೆಂದು ಅಲ್ಲಿನ ಸರಕಾರವೇ ಲೆಕ್ಕ ಕೊಟ್ಟಿತು. ಮೇವಿಲ್ಲದೆ ತಾಯಿಯ ಹಾಲು ಬತ್ತಿದಾಗ, ನೀರಿಗಾಗಿ ಮೈಲುಗಟ್ಟಲೆ ನಡೆಯುವ ಹಿಂಡಿನ ಹಿಂದೆ ಹೆಜ್ಜೆ ಹಾಕಲಾರದೆ ಮರಿ ಉಳಿದುಬಿಡುತ್ತದೆ. ಉತ್ತರದ ಸಾಂಬುರು ಸೀಮೆಯಲ್ಲಿ ಪಶುಪಾಲಕರು ಬತ್ತಿದ ಹೊಳೆಯ ಮರಳಿನಲ್ಲಿ ಆಳವಾದ ಬಾವಿಗಳನ್ನು ತೋಡುತ್ತಾರೆ. ರಾತ್ರಿ ನೀರು ಹುಡುಕಿ ಬರುವ ಆನೆಗಳ ಮರಿಗಳು ಅವುಗಳಿಗೆ ಜಾರಿ ಬೀಳುವುದು ಅಲ್ಲಿ ಆಗಾಗ ನಡೆಯುತ್ತದೆ. ಇವಲ್ಲದೆ ಬೆಳೆಗೆ ನುಗ್ಗಿದ ಆನೆಯ ಮೇಲೆ ಹೊಲದವರು ಎಸೆಯುವ ಈಟಿ, ಮಾಂಸಕ್ಕಾಗಿ ಒಡ್ಡಿದ ತಂತಿಯ ಉರುಳು, ವಾಹನಗಳ ಡಿಕ್ಕಿ, ರೋಗ ಹೀಗೆ ಕಾರಣಗಳು ಹಲವು.

ತಾಯಿ ಸತ್ತರೆ ಹಿಂಡಿನ ಬೇರೆ ಹೆಣ್ಣಾನೆಗಳು ಮರಿಯನ್ನು ಸಾಕುವುದಿಲ್ಲವೇ?

ಪ್ರೀತಿಯಲ್ಲಿ ಅವು ಯಾವ ಕೊರತೆಯನ್ನೂ ಮಾಡುವುದಿಲ್ಲ. ಅಜ್ಜಿ, ಚಿಕ್ಕಮ್ಮ, ಅಕ್ಕಂದಿರಿಂದ ಕೂಡಿದ ಆನೆಯ ಹಿಂಡಿನಲ್ಲಿ ಮರಿ ಎಲ್ಲರ ಪಾಲಿನದು. ಕೊರತೆಯಾಗುವುದು ಹಾಲಿನಲ್ಲಿ. ಇಪ್ಪತ್ತೆರಡು ತಿಂಗಳ ಗರ್ಭದ ನಂತರ ಹುಟ್ಟುವ ಮರಿ ಮೊದಲ ಎರಡು ವರ್ಷ ಬಹುಪಾಲು ಹಾಲನ್ನೇ ನಂಬಿರುತ್ತದೆ, ಆಮೇಲೂ ಕೆಲವು ವರ್ಷ ಹಾಲು ಬಿಡುವುದಿಲ್ಲ. ಹಾಲೂಡುವ ಇನ್ನೊಂದು ಹೆಣ್ಣಾನೆ ಹಿಂಡಿನಲ್ಲಿದ್ದರೂ ಅದಕ್ಕೆ ತನ್ನ ಮರಿಯಿರುತ್ತದೆ; ಬರದ ವರ್ಷದಲ್ಲಿ ಎರಡು ಮರಿಗಳನ್ನು ಪೋಷಿಸಲು ಹೋದರೆ ಎರಡೂ ಉಳಿಯಲಾರವು. ಮೂರು ವರ್ಷ ದಾಟಿದ ಮರಿ ತಾಯಿ ಹೋದರೂ ಹಿಂಡಿನ ಆಸರೆಯಲ್ಲಿ ಬದುಕುವ ಸಾಧ್ಯತೆ ಇದೆ. ಎರಡು ವರ್ಷದ ಒಳಗಿನದಕ್ಕೆ ಮನುಷ್ಯರ ನೆರವಿಲ್ಲದಿದ್ದರೆ ಬದುಕುವ ದಾರಿ ಇಲ್ಲವೆನ್ನುವಷ್ಟು ಕಡಿಮೆ.

ಒಂಟಿ ಮರಿ ಕಂಡ ಕೂಡಲೇ ಎತ್ತಿಕೊಂಡು ಬರುತ್ತಾರೆಯೇ?

ಇಲ್ಲ, ಬರಬಾರದು ಕೂಡ. ಕೀನ್ಯಾದಲ್ಲಿ ವನ್ಯಪ್ರಾಣಿಗಳ ಹೊಣೆ ಸರಕಾರದ ಕೀನ್ಯಾ ವನ್ಯಜೀವಿ ಸೇವೆಯದು. ಖಾಸಗಿ ಸಂಸ್ಥೆಗಳು ಅದರ ಒಪ್ಪಿಗೆಯಿಂದಲೇ ಮರಿಯನ್ನು ಮುಟ್ಟುತ್ತವೆ. ಮೊದಲ ಕೆಲಸವೆಂದರೆ ಹಿಂಡು ಹತ್ತಿರದಲ್ಲಿಯೇ ಇದೆಯೇ ಎಂದು ಹುಡುಕುವುದು. ಬಾವಿಗೆ ಬಿದ್ದ ಮರಿಯನ್ನು ಮೇಲೆತ್ತಿದ ಕೂಡಲೇ ಹಿಂಡಿನ ಕಡೆಗೆ ಬಿಡಲು ಪ್ರಯತ್ನಿಸುತ್ತಾರೆ, ಸಾಧ್ಯವಾದರೆ ಹಿಂಡು ಮರಳಿ ಬರುವುದನ್ನು ದೂರದಿಂದ ಕಾಯುತ್ತಾರೆ, ವಿಮಾನದಿಂದಲೂ ಹುಡುಕುತ್ತಾರೆ. ತಾಯಿಯೊಡನೆ ಸೇರಿಸಿದ ಮರಿಯ ಸುದ್ದಿ ಚಿತ್ರಗಳಲ್ಲಿ ಹೆಚ್ಚು ಕಾಣಿಸುವುದಿಲ್ಲ. ಆದರೂ ರಕ್ಷಣೆಯ ಕೆಲಸದಲ್ಲಿ ಅದಕ್ಕಿಂತ ಒಳ್ಳೆಯ ಫಲ ಇನ್ನೊಂದಿಲ್ಲ. ತಾಯಿ ಸತ್ತದ್ದು ಖಚಿತವಾದಾಗ, ಹಿಂಡು ಸಿಗದೇ ಹೋದಾಗ ಅಥವಾ ಸಿಂಹ, ಕತ್ತೆಕಿರುಬಗಳ ಅಪಾಯ ಎದುರಿಗೇ ಇದ್ದಾಗ ಮಾತ್ರ ಮರಿಯನ್ನು ಸಾಗಿಸುವ ನಿರ್ಧಾರ ಸರಿ.

ರಕ್ಷಿಸಿದ ಮರಿಗಳನ್ನು ಎಲ್ಲಿಗೆ ಒಯ್ಯುತ್ತಾರೆ?

ಹೆಚ್ಚು ಹೆಸರಾದದ್ದು ನೈರೋಬಿ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿರುವ ಶೆಲ್ಡ್ರಿಕ್ ವನ್ಯಜೀವಿ ಟ್ರಸ್ಟಿನ ಮರಿಗಳ ಆರೈಕೆ ಕೇಂದ್ರ. ತ್ಸಾವೋ ಪೂರ್ವ ರಾಷ್ಟ್ರೀಯ ಉದ್ಯಾನದ ಮೊದಲ ವಾರ್ಡನ್ ಡೇವಿಡ್ ಶೆಲ್ಡ್ರಿಕ್ 1977ರಲ್ಲಿ ತೀರಿಕೊಂಡಾಗ ಅವರ ಪತ್ನಿ ಡ್ಯಾಫ್ನಿ ಶೆಲ್ಡ್ರಿಕ್ ಪತಿಯ ನೆನಪಿನಲ್ಲಿ ಅದನ್ನು ಕಟ್ಟಿದರು. ಡ್ಯಾಫ್ನಿ 2018ರಲ್ಲಿ ನಿಧನರಾದ ಮೇಲೂ ಮಗಳು ಏಂಜೆಲಾ ಅವರ ನೇತೃತ್ವದಲ್ಲಿ ಕೆಲಸ ಮುಂದುವರಿದಿದೆ. ಸಂಸ್ಥೆ ಈವರೆಗೆ 300ಕ್ಕೂ ಹೆಚ್ಚು ಅನಾಥ ಆನೆಗಳನ್ನು ಬೆಳೆಸಿದೆ.

ಎರಡನೆಯದು, ನನ್ನ ದೃಷ್ಟಿಯಲ್ಲಿ ಇನ್ನೂ ಹೆಚ್ಚು ಗಮನ ಕೊಡಬೇಕಾದದ್ದು, ಸಾಂಬುರು ಪ್ರಾಂತದ ರೆಟೆಟಿ ಆನೆಧಾಮ. 2016ರಲ್ಲಿ ಆರಂಭವಾದ ಇದು ನಾಮುನ್ಯಾಕ್ ಸಮುದಾಯ ಸಂರಕ್ಷಣಾ ಪ್ರದೇಶದೊಳಗಿದೆ, ಅದರ ಒಡೆತನ ಅಲ್ಲಿನ ಜನರದೇ. ಮರಿಗಳನ್ನು ಸಾಕುವವರು ಆ ನೆಲದಲ್ಲಿಯೇ ದನ, ಆಡು, ಒಂಟೆ ಮೇಯಿಸಿ ಬೆಳೆದ ಸಾಂಬುರು ಯುವಕ ಯುವತಿಯರು. ಮರಿ ಹುಟ್ಟಿದ ಸೀಮೆಯಲ್ಲಿಯೇ ಬೆಳೆದು ಅಲ್ಲಿನ ಹಿಂಡುಗಳನ್ನೇ ಸೇರಿಕೊಳ್ಳುವುದರಿಂದ ಅದಕ್ಕೆ ಪರಿಚಿತ ನೆಲ ತಪ್ಪುವುದಿಲ್ಲ.

ಮರಿಗಳಿಗೆ ಕೊಡುವುದು ಹಸುವಿನ ಹಾಲೇ?

ಅಲ್ಲ. ಹಸುವಿನ ಹಾಲಿನ ಕೊಬ್ಬು ಎಳೆಯ ಆನೆಮರಿಗೆ ಜೀರ್ಣವಾಗುವುದಿಲ್ಲ; ಭೇದಿ ಹತ್ತಿ ಕೆಲವೇ ದಿನಗಳಲ್ಲಿ ಮರಿ ಸಾಯುತ್ತದೆ. ಸರಿಯಾದ ಮಿಶ್ರಣ ಸಿಗುವವರೆಗೆ ಡ್ಯಾಫ್ನಿ ಶೆಲ್ಡ್ರಿಕ್ ಹಲವು ಮರಿಗಳನ್ನು ಕಳೆದುಕೊಂಡರು. ಕೊನೆಗೆ ನೆರವಾದದ್ದು ತೆಂಗಿನ ಎಣ್ಣೆ: ಮನುಷ್ಯರ ಶಿಶುಗಳಿಗಾಗಿ ತೆಂಗಿನೆಣ್ಣೆ ಸೇರಿಸಿ ತಯಾರಿಸಿದ ಹಾಲಿನಪುಡಿ ಆನೆಮರಿಗೆ ಒಗ್ಗುತ್ತದೆಂದು ಅವರು ಕಂಡುಕೊಂಡರು.

ಹಾಗೆ ಬದುಕಿದ ಮೊದಲ ಎಳೆಮರಿ ಆಯಿಷಾ, 1974ರಲ್ಲಿ. ಅದರ ಕಥೆ ದುಃಖದ್ದು. ಆರು ತಿಂಗಳ ಮರಿಯನ್ನು ಬೇರೊಬ್ಬರ ಕೈಗೆ ಒಪ್ಪಿಸಿ ಡ್ಯಾಫ್ನಿ ಮಗಳ ಮದುವೆಗೆ ಹೋಗಬೇಕಾಯಿತು. ಅವರನ್ನೇ ತಾಯಿಯೆಂದು ಹಚ್ಚಿಕೊಂಡಿದ್ದ ಮರಿ ಹಾಲು ಬಿಟ್ಟು, ಕೊರಗಿ ಸತ್ತಿತು. ಇಂದು ಎಲ್ಲ ಆರೈಕೆ ಕೇಂದ್ರಗಳಲ್ಲಿ ಪಾಲಕರನ್ನು ಸರದಿಯಂತೆ ಬದಲಿಸುವ ಪದ್ಧತಿಯ ಹಿಂದೆ ಆ ಸಾವಿನ ಪಾಠವಿದೆ.

ರೆಟೆಟಿಯವರು ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಹೊರದೇಶದ ಹಾಲಿನಪುಡಿಯ ಬದಲು ಸುತ್ತಲಿನ ಹಳ್ಳಿಗಳ ಮಹಿಳೆಯರಿಂದ ಆಡಿನ ಹಾಲು ಕೊಂಡು, ಅದಕ್ಕೆ ಬೇಕಾದ ಪೋಷಕಾಂಶಗಳನ್ನು ಬೆರೆಸಿ ಮರಿಗಳಿಗೆ ಕೊಡುತ್ತಾರೆ. ಮರಿಗೆ ಹಾಲೂ ಸಿಗುತ್ತದೆ, ಆನೆ ಬದುಕಿದ್ದರೆ ತನ್ನ ಮನೆಗೂ ನಾಲ್ಕು ಕಾಸು ಬರುತ್ತದೆಂಬುದು ಆ ಮನೆಯೊಡತಿಗೆ ತನ್ನ ಕೈಯಲ್ಲಿಯೇ ಕಾಣುತ್ತದೆ.

ಪಾಲಕರು ರಾತ್ರಿಯೂ ಮರಿಯ ಜೊತೆಗೇ ಮಲಗುವುದು ಏಕೆ?

ಕಾಡಿನಲ್ಲಿ ಎಳೆಮರಿ ಒಂದು ಗಳಿಗೆಯೂ ಒಂಟಿಯಾಗಿರುವುದಿಲ್ಲ. ಸದಾ ಯಾರದೋ ಮೈ ತಾಗಿಕೊಂಡೇ ಇರುತ್ತದೆ. ತಾಯಿಯ ಸಾವನ್ನು ಕಣ್ಣಾರೆ ಕಂಡ ಮರಿ ರಾತ್ರಿಯಲ್ಲಿ ಬೆಚ್ಚಿ ಎದ್ದು ಕೂಗುವುದುಂಟು. ಆದ್ದರಿಂದ ನೈರೋಬಿಯ ಕೇಂದ್ರದಲ್ಲಿ ಎಳೆಯ ಮರಿಗಳ ಕೊಟ್ಟಿಗೆಯಲ್ಲಿಯೇ ಎತ್ತರದ ಮಂಚ ಹಾಕಿಕೊಂಡು ಪಾಲಕರು ಮಲಗುತ್ತಾರೆ, ಮೂರು ಗಂಟೆಗೊಮ್ಮೆ ಎದ್ದು ಹಾಲೂಡುತ್ತಾರೆ. ಮೈಗೆ ಕಂಬಳಿ ಹೊದಿಸುವುದು ಚೆಂದಕ್ಕಲ್ಲ. ತಾಯಿಯ ಹೊಟ್ಟೆಯಡಿಯ ಬಿಸುಪು ತಪ್ಪಿದ ಮರಿಗೆ ನೈರೋಬಿಯ ಚಳಿಯಲ್ಲಿ ನ್ಯುಮೋನಿಯಾ ಬೇಗ ತಗಲುತ್ತದೆ. ಹಾಲೂಡುವಾಗ ಮರಿಯ ಮುಂದೆ ಕಂಬಳಿಯೊಂದನ್ನು ನೇತುಹಾಕುವುದೂ ಉಂಟು. ತಾಯಿಯ ಮೈಗೆ ಒರಗಿದಂತೆ ಅದಕ್ಕೆ ಸೊಂಡಿಲು ಒತ್ತಿಕೊಂಡರೆ ಮರಿ ನೆಮ್ಮದಿಯಿಂದ ಕುಡಿಯುತ್ತದೆ. ತಾಯಿಯ ನೆರಳಿಲ್ಲದ ಎಳೆಯ ಕಿವಿಗಳು ಬಿಸಿಲಿಗೆ ಸುಡದಂತೆ ಮುಲಾಮು ಹಚ್ಚುತ್ತಾರೆ.

ಈ ಕೆಲಸ ಮಾಡುವ ಪಾಲಕರು ತಮ್ಮ ಮನೆ ಮಕ್ಕಳಿಂದ ದೂರವಿದ್ದು ಇನ್ನೊಂದು ಜೀವದ ಮಕ್ಕಳನ್ನು ಬೆಳೆಸುತ್ತಾರೆ. ಅವರ ಬಗ್ಗೆ ಜಗತ್ತು ಮಾತಾಡುವುದು ಬಹಳ ಕಡಿಮೆ ಎಂಬ ಕೊರಗು ನನಗಿದೆ.

ಮನುಷ್ಯರ ಕೈಯಲ್ಲಿ ಬೆಳೆದ ಆನೆ ಮರಳಿ ಕಾಡಿನದಾಗಲು ಸಾಧ್ಯವೇ?

ಸಾಧ್ಯವಿದೆ, ಅವಸರ ಮಾಡದಿದ್ದರೆ. ಎರಡು ಮೂರು ವರ್ಷ ತುಂಬುವ ಹೊತ್ತಿಗೆ ಮರಿಗಳನ್ನು ನೈರೋಬಿಯಿಂದ ತ್ಸಾವೋ ಪೂರ್ವದ ವೋಯಿ ಅಥವಾ ಇಥುಂಬಾ ನೆಲೆಗಳಿಗೆ, ಇಲ್ಲವೇ ಕಿಬ್ವೇಜಿ ಕಾಡಿನ ಉಮಾನಿ ಸ್ಪ್ರಿಂಗ್ಸ್‌ಗೆ ಸಾಗಿಸುತ್ತಾರೆ. ತ್ಸಾವೋದ ಪೂರ್ವ, ಪಶ್ಚಿಮ ಉದ್ಯಾನಗಳೆರಡೂ ಸೇರಿದರೆ 20,000 ಚದರ ಕಿಲೋಮೀಟರಿಗೂ ಹೆಚ್ಚಿನ ಬಯಲು. ಅಲ್ಲಿ ಮರಿಗಳು ಹಗಲೆಲ್ಲ ಪಾಲಕರೊಡನೆ ಮೇಯಲು ಹೋಗುತ್ತವೆ, ನೀರಿನ ಹೊಂಡಗಳಲ್ಲಿ ಕಾಡಾನೆಗಳನ್ನು ಎದುರುಗೊಳ್ಳುತ್ತವೆ, ಸಂಜೆಗೆ ಬೇಲಿಯೊಳಕ್ಕೆ ಮರಳುತ್ತವೆ. ಮೊದಮೊದಲು ಒಂದು ರಾತ್ರಿ ಹೊರಗುಳಿಯುತ್ತವೆ, ಮುಂದೆ ವಾರ, ಆಮೇಲೆ ತಿಂಗಳು. ಯಾವಾಗ ಹೊರಡಬೇಕೆಂಬುದನ್ನು ಆನೆಯೇ ನಿರ್ಧರಿಸುತ್ತದೆ. ಕೆಲವಕ್ಕೆ ಇದಕ್ಕೆ ವರ್ಷಗಳೇ ಬೇಕಾಗುತ್ತವೆ. ಮೊದಲೇ ಕಾಡು ಸೇರಿದ ಅನಾಥ ಆನೆಗಳು ಹೊಸಬರನ್ನು ತಮ್ಮ ಜೊತೆಗೆ ಕರೆದೊಯ್ಯುತ್ತವೆ.

ಹಾಗೆ ಹೋದ ಹೆಣ್ಣಾನೆಗಳು ಕಾಡಿನಲ್ಲಿ ಮರಿ ಹಾಕಿವೆ. ಹೊಸ ಮರಿಯನ್ನು ಕರೆದುಕೊಂಡು ಹಳೆಯ ಪಾಲಕರ ಬಳಿಗೆ ಬಂದು ನಿಂತದ್ದೂ ಉಂಟು. ಗಾಯವಾದಾಗ ಅವು ನೆಲೆಯ ಕಡೆಗೇ ಬರುತ್ತವೆ. ಅವು ಹಾಕಿದ ಮರಿಗಳನ್ನು ಕಾಡಿನ ಮರಿಗಳೆಂದೇ ಎಣಿಸಬೇಕು. ಅವುಗಳ ಮೇಲೆ ಮನುಷ್ಯನ ಕೈ ಬಿದ್ದಿರುವುದಿಲ್ಲ.

ನಮ್ಮ ಸಕ್ರೆಬೈಲು, ದುಬಾರೆ ಆನೆಶಿಬಿರಗಳಿಗೂ ಇದಕ್ಕೂ ಏನು ವ್ಯತ್ಯಾಸ?

ಉದ್ದೇಶವೇ ಬೇರೆ. ನಮ್ಮಲ್ಲಿ ಶತಮಾನಗಳಿಂದ ಆನೆ ಪಳಗಿಸುವ ವಿದ್ಯೆಯಿದೆ, ಮಾವುತ ಮತ್ತು ಕಾವಾಡಿಗರ ಕುಟುಂಬಗಳಿವೆ; ಶಿಬಿರ ಸೇರಿದ ಮರಿ ಸಾಮಾನ್ಯವಾಗಿ ಪಳಗಿದ ಆನೆಯಾಗಿಯೇ ಬೆಳೆಯುತ್ತದೆ. ಕೀನ್ಯಾದಲ್ಲಿ ಅಂಥ ಪರಂಪರೆ ಇಲ್ಲ. ಅಲ್ಲಿ ಮರಿಯನ್ನು ಹತ್ತುವುದಿಲ್ಲ, ಸರಪಳಿ ಹಾಕುವುದಿಲ್ಲ, ಕೆಲಸ ಕಲಿಸುವುದಿಲ್ಲ. ಆದ್ದರಿಂದ ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯುವುದು ನ್ಯಾಯವಲ್ಲ. ನಮ್ಮಲ್ಲಿ ತಾಯಿ ತಪ್ಪಿದ ಮರಿಗಳ ಮಟ್ಟಿಗೆ, ಕಾಡಿಗೆ ಮರಳಿಸುವ ಪ್ರಯತ್ನ ಇನ್ನೂ ಹೆಚ್ಚಬೇಕು ಎಂಬುದು ನನ್ನ ಅಭಿಪ್ರಾಯ.

ರಕ್ಷಿಸಿದ ಎಲ್ಲ ಮರಿಗಳೂ ಬದುಕುತ್ತವೆಯೇ?

ಇಲ್ಲ. ದಿನಗಟ್ಟಲೆ ಹಾಲಿಲ್ಲದೆ ನಿತ್ರಾಣವಾಗಿ ಬಂದ ಮರಿಗಳು, ಕತ್ತೆಕಿರುಬಗಳು ಬಾಲ, ಕಿವಿ ಕಿತ್ತ ಮರಿಗಳು, ಬಾವಿಯ ನೀರು ಶ್ವಾಸಕೋಶಕ್ಕೆ ಹೋದ ಮರಿಗಳು ಎಷ್ಟೇ ಆರೈಕೆ ಮಾಡಿದರೂ ಉಳಿಯದಿರಬಹುದು. ಹಲ್ಲು ಮೂಡುವ ಹೊತ್ತಿನಲ್ಲಿಯೂ ಮರಿಗಳು ಸೋಲುತ್ತವೆ. ಬದುಕಿದ ಮರಿಯ ಚಿತ್ರದ ಜೊತೆಗೆ ಸತ್ತ ಮರಿಯ ವರದಿಯನ್ನೂ ಬಚ್ಚಿಡದೆ ಪ್ರಕಟಿಸುವ ಸಂಸ್ಥೆಯನ್ನು ಹೆಚ್ಚು ನಂಬಬಹುದು.

ಗಾಯಗೊಂಡ ದೊಡ್ಡ ಆನೆಗೆ ಕಾಡಿನಲ್ಲಿ ಚಿಕಿತ್ಸೆ ಮಾಡುವುದು ಹೇಗೆ?

ಕೀನ್ಯಾ ವನ್ಯಜೀವಿ ಸೇವೆಯ ಪಶುವೈದ್ಯರು ಮಾತ್ರ ಇದನ್ನು ಮಾಡಬಹುದು; ವಾಹನ, ಔಷಧ, ವಿಮಾನಗಳ ಖರ್ಚನ್ನು ಹಲವು ಕಡೆ ಶೆಲ್ಡ್ರಿಕ್ ಟ್ರಸ್ಟಿನಂಥ ಸಂಸ್ಥೆಗಳು ಹೊರುತ್ತವೆ. ಅರಿವಳಿಕೆಯ ಡಾರ್ಟನ್ನು ನೆಲದಿಂದ ಅಥವಾ ಹೆಲಿಕಾಪ್ಟರಿನಿಂದ ಹೊಡೆಯುತ್ತಾರೆ. ಇದಕ್ಕೆ ಬಳಸುವ ಎಟೋರ್ಫಿನ್ ಮಾರ್ಫಿನ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಪ್ರಬಲ. ಒಂದು ತೊಟ್ಟು ಮೈಗೆ ಸೇರಿದರೂ ಮನುಷ್ಯನ ಪ್ರಾಣಕ್ಕೆ ಅಪಾಯವಾದ್ದರಿಂದ ವೈದ್ಯರು ಪ್ರತಿಮದ್ದನ್ನು ಕೈಗೆಟಕುವಂತೆ ಇಟ್ಟುಕೊಂಡೇ ಸಿರಿಂಜು ತುಂಬುತ್ತಾರೆ.

ಆನೆ ಬೀಳುವ ರೀತಿ ಬಹಳ ಮುಖ್ಯ. ಎದೆಯ ಮೇಲೆ ಕುಸಿದರೆ ಹೊಟ್ಟೆಯ ಭಾರವೆಲ್ಲ ಶ್ವಾಸಕೋಶಗಳನ್ನು ಒತ್ತಿ ಉಸಿರು ಕಟ್ಟುತ್ತದೆ. ಹಗ್ಗ ಕಟ್ಟಿ ಜೀಪಿನಿಂದ ಎಳೆದಾದರೂ ಅದನ್ನು ಪಕ್ಕಕ್ಕೆ ಉರುಳಿಸಬೇಕು. ಆನೆ ಉಸಿರಾಡುವುದು ಹೆಚ್ಚಾಗಿ ಸೊಂಡಿಲಿನಿಂದಲೇ ಆದ್ದರಿಂದ ಅದರ ತುದಿ ಮುಚ್ಚಿಹೋಗದಂತೆ ಚಿಕ್ಕ ಕಡ್ಡಿಯೊಂದನ್ನು ಅಡ್ಡವಿಡುತ್ತಾರೆ. ಕಣ್ಣಿಗೆ ಬಿಸಿಲು ಬೀಳದಂತೆ ಕಿವಿಯನ್ನು ಮಡಚಿ ಮುಚ್ಚುತ್ತಾರೆ, ಮೈ ಕಾಯದಂತೆ ಮೇಲೆಲ್ಲ ನೀರು ಸುರಿಯುತ್ತಾರೆ. ಆಮೇಲೆ ಕಾಲಿಗೆ ಬಿಗಿದ ತಂತಿ ಕತ್ತರಿಸಿ, ಬಾಣದ ಮೊನೆ ತೆಗೆದು, ಕೀವು ತೊಳೆದು, ಆಂಟಿಬಯೋಟಿಕ್ ಕೊಟ್ಟು, ನೊಣ ಮುತ್ತದಂತೆ ಹಸಿರು ಜೇಡಿಮಣ್ಣನ್ನು ಗಾಯಕ್ಕೆ ಮೆತ್ತುತ್ತಾರೆ. ಕೊನೆಗೆ ಕಿವಿಯ ರಕ್ತನಾಳಕ್ಕೆ ಪ್ರತಿಮದ್ದು ಚುಚ್ಚಿ ಎಲ್ಲರೂ ವಾಹನಕ್ಕೆ ಓಡಬೇಕು, ಏಕೆಂದರೆ ಕೆಲವೇ ನಿಮಿಷಗಳಲ್ಲಿ ಆನೆ ಎದ್ದು ನಿಲ್ಲುತ್ತದೆ.

ಒಂದು ಉರುಳು ತಂತಿಯ ಬೆಲೆ ಅತ್ಯಲ್ಪ. ಅದು ಮಾಡಿದ ಗಾಯ ವಾಸಿಮಾಡಲು ಇಷ್ಟೆಲ್ಲ ಬೇಕು. ಆದ್ದರಿಂದಲೇ ಕಾಡಿನಲ್ಲಿ ನಡೆದು ನಡೆದು ಉರುಳುಗಳನ್ನು ಕೀಳುವ ಗಸ್ತುಪಡೆಗಳ ಕೆಲಸಕ್ಕೆ ನಾನು ಎಲ್ಲಕ್ಕಿಂತ ಮೊದಲ ಸ್ಥಾನ ಕೊಡುತ್ತೇನೆ.

ಸಿಂಹ ಹಿಡಿದ ಪ್ರಾಣಿಯನ್ನೂ ಬಿಡಿಸಬೇಕಲ್ಲವೇ?

ಬಿಡಿಸಬಾರದು. ಸಿಂಹದ ಮರಿಗಳೂ ಬದುಕಬೇಕು. ಹೆಚ್ಚಿನ ಉದ್ಯಾನಗಳಲ್ಲಿ ಅನುಸರಿಸುವ ನಿಯಮ ಸ್ಥೂಲವಾಗಿ ಹೀಗಿದೆ: ಮನುಷ್ಯನಿಂದ ಆದ ಗಾಯಕ್ಕೆ ಮನುಷ್ಯ ಚಿಕಿತ್ಸೆ ಮಾಡಬೇಕು, ಕಾಡಿನ ಸಹಜ ನಡೆಯಲ್ಲಿ ಕೈಹಾಕಬಾರದು. ಅಳಿವಿನ ಅಂಚಿನಲ್ಲಿರುವ ಪ್ರಾಣಿಗಳಿಗೆ ಇದರಲ್ಲಿ ವಿನಾಯಿತಿ ಇದೆ. ರುವಾಂಡಾ, ಉಗಾಂಡಾ ಮತ್ತು ಕಾಂಗೋ ಗಡಿಯ ಪರ್ವತ ಗೊರಿಲ್ಲಾಗಳನ್ನು ಪಶುವೈದ್ಯರು ಒಂದೊಂದಾಗಿ ಗುರುತಿಸಿ, ಉರುಳಿಗೆ ಸಿಕ್ಕಾಗಲೂ ಉಸಿರಾಟದ ಕಾಯಿಲೆ ಬಂದಾಗಲೂ ಇದ್ದಲ್ಲಿಯೇ ಚಿಕಿತ್ಸೆ ಕೊಡುತ್ತಾರೆ. ಕೆಲವೇ ನೂರಕ್ಕೆ ಇಳಿದಿದ್ದ ಅವುಗಳ ಸಂಖ್ಯೆ ಸಾವಿರ ದಾಟಿ, 2018ರಲ್ಲಿ ಅಳಿವಿನ ಅಪಾಯವನ್ನು ಅಳೆಯುವ ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅವುಗಳ ಸ್ಥಿತಿ ‘ತೀವ್ರ ಅಪಾಯ’ದಿಂದ ‘ಅಪಾಯ’ಕ್ಕೆ ಒಂದು ಮೆಟ್ಟಿಲು ಸುಧಾರಿಸಿದ್ದರಲ್ಲಿ ಈ ವೈದ್ಯರ ಪಾಲು ದೊಡ್ಡದು.

ಇಂಥ ರಕ್ಷಣೆ ಆನೆಗಳಿಗೆ ಮಾತ್ರವೇ?

ಖಂಡಿತ ಅಲ್ಲ. ಜಾಂಬೆಜಿ ನದಿಗೆ ಕರಿಬಾ ಅಣೆಕಟ್ಟು ಕಟ್ಟಿದಾಗ ಮುಳುಗುವ ನಡುಗಡ್ಡೆಗಳಲ್ಲಿ ಸಿಕ್ಕಿಬಿದ್ದ ಆರು ಸಾವಿರಕ್ಕೂ ಹೆಚ್ಚು ಪ್ರಾಣಿಗಳನ್ನು 1958ರಿಂದ 1964ರ ನಡುವೆ ರುಪರ್ಟ್ ಫಾದರ್‌ಗಿಲ್ ನೇತೃತ್ವದ ತಂಡ ದೋಣಿಗಳಲ್ಲಿ ದಾಟಿಸಿತು. ಕೀನ್ಯಾದ ಬರಿಂಗೊ ಸರೋವರದ ನೀರು ಏರಿ ದ್ವೀಪವೊಂದರಲ್ಲಿ ಸಿಲುಕಿದ್ದ ಒಂಬತ್ತು ಜಿರಾಫೆಗಳನ್ನು ತೆಪ್ಪದಂಥ ದೋಣಿಯಲ್ಲಿ ದಡಕ್ಕೆ ತಂದ ಕೆಲಸ 2021ರ ಏಪ್ರಿಲ್‌ನಲ್ಲಿ ಮುಗಿಯಿತು. ಆ ದೋಣಿಯನ್ನು ಖಾಲಿ ಪೀಪಾಯಿಗಳ ಮೇಲೆ ತೇಲುವಂತೆ ಕಟ್ಟಲಾಗಿತ್ತು. ಆ ಸರೋವರದ ದಡದ ಪೊಕೊಟ್ ಮತ್ತು ಇಲ್ಚಾಮುಸ್ ಸಮುದಾಯಗಳ ನಡುವೆ ಹಿಂದೆ ಕಾದಾಟಗಳಾಗಿದ್ದವು. ಜಿರಾಫೆಗಳನ್ನು ಕಾಪಾಡುವ ಕೆಲಸದಲ್ಲಿ ಎರಡೂ ಕಡೆಯವರು ಒಟ್ಟಾಗಿ ನಿಂತರು.

ನನ್ನ ಮನಸ್ಸಿನಲ್ಲಿ ಆಳವಾಗಿ ಉಳಿದದ್ದು ದಕ್ಷಿಣ ಆಫ್ರಿಕಾದ ಪೆಂಗ್ವಿನ್‌ಗಳ ಪ್ರಕರಣ. 2000ದ ಜೂನ್‌ನಲ್ಲಿ ‘ಟ್ರೆಷರ್’ ಎಂಬ ಹಡಗು ಕೇಪ್‌ಟೌನ್ ಬಳಿ ಮುಳುಗಿ ಎಣ್ಣೆ ಸೋರಿತು. ಎಣ್ಣೆ ಮೆತ್ತಿದ ಸುಮಾರು 19,000 ಪೆಂಗ್ವಿನ್‌ಗಳನ್ನು ಸಾವಿರಾರು ಸ್ವಯಂಸೇವಕರು ಒಂದೊಂದಾಗಿ ತೊಳೆದರು; ಅವುಗಳಲ್ಲಿ ಹತ್ತರಲ್ಲಿ ಒಂಬತ್ತು ಬದುಕಿದವು. ಇನ್ನೂ ಎಣ್ಣೆ ತಾಗದಿದ್ದ ಅಷ್ಟೇ ಸಂಖ್ಯೆಯ ಹಕ್ಕಿಗಳನ್ನು ಲಾರಿಗಳಲ್ಲಿ ನೂರಾರು ಕಿಲೋಮೀಟರ್ ಪೂರ್ವಕ್ಕೆ ಒಯ್ದು ಪೋರ್ಟ್ ಎಲಿಜಬೆತ್ ಬಳಿ ಕಡಲಿಗೆ ಬಿಟ್ಟರು. ಅವು ಈಜಿಕೊಂಡು ಮನೆಗೆ ಮರಳುವಷ್ಟರಲ್ಲಿ ಕಡಲು ಶುಚಿಯಾಗಿತ್ತು. ಆದರೂ ಅದೇ ಪೆಂಗ್ವಿನ್ ಜಾತಿಯನ್ನು 2024ರಲ್ಲಿ ‘ತೀವ್ರ ಅಪಾಯ’ದ ಪಟ್ಟಿಗೆ ಸೇರಿಸಬೇಕಾಯಿತು, ಏಕೆಂದರೆ ಅವು ತಿನ್ನುವ ಬೂತಾಯಿಯಂಥ ಮೀನುಗಳು ಕಡಿಮೆಯಾಗುತ್ತಲೇ ಇವೆ.

ಹಾಗಾದರೆ ಒಂದೊಂದೇ ಪ್ರಾಣಿಯನ್ನು ಉಳಿಸಿ ಪ್ರಯೋಜನವೇನು?

ರಕ್ಷಣೆಯೊಂದರಿಂದಲೇ ಯಾವ ಜಾತಿಯೂ ಉಳಿಯುವುದಿಲ್ಲ, ಇದನ್ನು ಮುಚ್ಚಿಡಬಾರದು. ಕೀನ್ಯಾದಲ್ಲಿ 1970ರ ದಶಕದ ಆರಂಭದಲ್ಲಿ ಸುಮಾರು 1,67,000 ಆನೆಗಳಿದ್ದವೆಂದು ಅಂದಾಜು; 1989ರ ಹೊತ್ತಿಗೆ ಉಳಿದದ್ದು ಸುಮಾರು 16,000. 2021ರ ಗಣತಿಯಲ್ಲಿ ಅದು 36,280ಕ್ಕೆ ಏರಿದೆ. ಏರಿಕೆಗೆ ಕಾರಣ ಬಾಟಲಿಯ ಹಾಲಲ್ಲ. ಅಂತರರಾಷ್ಟ್ರೀಯ ದಂತ ವ್ಯಾಪಾರದ ನಿಷೇಧ, ಗಸ್ತು, ಕಠಿಣ ಕಾನೂನು ಮತ್ತು ಆನೆಗಳೊಡನೆ ಬಾಳುವ ಜನರ ಸಹನೆ. ಇಡೀ ಖಂಡದ ಚಿತ್ರ ಇಷ್ಟು ಆಶಾದಾಯಕವಾಗಿಲ್ಲ. 2016ರ ಮಹಾಗಣತಿಯಲ್ಲಿ 18 ದೇಶಗಳಲ್ಲಿ ಕಂಡದ್ದು 3,52,271 ಹುಲ್ಲುಗಾವಲಿನ ಆನೆಗಳು, 2007ರಿಂದ ಏಳು ವರ್ಷಗಳಲ್ಲಿ ಶೇಕಡ 30ರಷ್ಟು ಇಳಿಕೆ. 2021ರಿಂದ ಹುಲ್ಲುಗಾವಲಿನ ಆನೆಯನ್ನು ‘ಅಪಾಯ’ದಲ್ಲಿಯೂ ಮಧ್ಯ ಆಫ್ರಿಕಾದ ಕಾಡಿನ ಆನೆಯನ್ನು ‘ತೀವ್ರ ಅಪಾಯ’ದಲ್ಲಿಯೂ ಎಣಿಸುತ್ತಾರೆ.

ಆದರೂ ರಕ್ಷಣೆ ಬೇಕು ಎಂದು ನಾನು ದೃಢವಾಗಿ ನಂಬುತ್ತೇನೆ. ಮರಿ ಅನಾಥವಾದದ್ದು ನಮ್ಮ ಕುಲದ ಆಸೆಯಿಂದ. ಅದನ್ನು ಸಾಯಲು ಬಿಟ್ಟು ಅಂಕಿ ಅಂಶ ಹೇಳುವುದು ನ್ಯಾಯವಲ್ಲ. ಉಳಿದ ಹೆಣ್ಣುಮರಿ ಮುಂದೆ ನಾಲ್ಕೈದು ದಶಕ ಬದುಕಿ ಕುಟುಂಬವನ್ನೇ ಕಟ್ಟಬಲ್ಲದು. ಒಂದು ಮರಿಯ ಹೆಸರು ಹಿಡಿದು ಕಾಳಜಿ ವಹಿಸತೊಡಗಿದವರು ಕ್ರಮೇಣ ಅದರ ಕಾಡಿನ ಬಗ್ಗೆ ಕೇಳತೊಡಗುತ್ತಾರೆ.

ಕೀನ್ಯಾ ಕೋಟ್ಯಂತರ ಬೆಲೆಯ ದಂತವನ್ನು ಸುಟ್ಟದ್ದೇಕೆ? ಅದನ್ನು ಮಾರಿ ಕಾಡಿಗೇ ಖರ್ಚು ಮಾಡಬಹುದಿತ್ತಲ್ಲವೇ?

1989ರ ಜುಲೈನಲ್ಲಿ ಅಧ್ಯಕ್ಷ ಡೇನಿಯಲ್ ಅರಾಪ್ ಮೊಯ್ 12 ಟನ್ ದಂತಕ್ಕೆ ಬೆಂಕಿಯಿಟ್ಟರು. ಆಗ ವನ್ಯಜೀವಿ ಇಲಾಖೆಯ ಹೊಣೆ ಹೊತ್ತಿದ್ದವರು ರಿಚರ್ಡ್ ಲೀಕಿ. ಅದೇ ವರ್ಷ ಅಂತರರಾಷ್ಟ್ರೀಯ ದಂತ ವ್ಯಾಪಾರವನ್ನು ನಿಷೇಧಿಸುವ ಒಪ್ಪಂದವಾಯಿತು. 2016ರ ಏಪ್ರಿಲ್ 30ರಂದು ನೈರೋಬಿ ಉದ್ಯಾನದಲ್ಲಿ 105 ಟನ್ ದಂತ, ಒಂದು ಟನ್ನಿಗೂ ಹೆಚ್ಚು ಖಡ್ಗಮೃಗದ ಕೊಂಬು ಸುಟ್ಟವು. ದಂತಕ್ಕೆ ಬೆಲೆಯಿರಬೇಕಾದದ್ದು ಆನೆಯ ಬಾಯಲ್ಲಿ ಮಾತ್ರ ಎಂಬುದು ಕೀನ್ಯಾದ ನಿಲುವು. 1,30,000ಕ್ಕೂ ಹೆಚ್ಚು ಆನೆಗಳಿರುವ ಬೋಟ್ಸ್‌ವಾನಾದಂಥ ದಕ್ಷಿಣದ ದೇಶಗಳು ಸಹಜವಾಗಿ ಸತ್ತ ಆನೆಗಳ ದಂತ ಮಾರಲು ಅವಕಾಶ ಕೇಳುತ್ತಲೇ ಬಂದಿವೆ, ಅವರ ರೈತರ ಕಷ್ಟವೂ ನಿಜ. ಆದರೆ ಸಕ್ರಮ ಮಾರುಕಟ್ಟೆ ತೆರೆದಾಗಲೆಲ್ಲ ಅದರ ಮರೆಯಲ್ಲಿ ಅಕ್ರಮ ದಂತ ಸಾಗುವ ಭಯವಿರುವುದರಿಂದ ಕೀನ್ಯಾದ ನಿಲುವೇ ನನಗೆ ಸರಿಯೆನಿಸುತ್ತದೆ.

ಭಾರತಕ್ಕೂ ಇದರಲ್ಲಿ ಪಾಲಿತ್ತು. ಆಫ್ರಿಕಾದ ದಂತ ಶತಮಾನಗಳಿಂದ ಪಶ್ಚಿಮ ಕರಾವಳಿಯ ಬಂದರುಗಳಿಗೆ ಬರುತ್ತಿತ್ತು. 1991ರ ಕಾನೂನು ತಿದ್ದುಪಡಿಯಿಂದ ಅದರ ವ್ಯಾಪಾರವೂ ಇಲ್ಲಿ ನಿಷಿದ್ಧವಾಯಿತು. ಒಂದು ಕಾಲಕ್ಕೆ ದಂತ ಕೂರಿಸುತ್ತಿದ್ದ ಮೈಸೂರಿನ ಬೀಟೆ ಮರದ ಕುಸುರಿ ಕೆಲಸದವರು ಈಗ ಬೇರೆ ವಸ್ತುಗಳಲ್ಲಿ ಅದೇ ಚೆಲುವನ್ನು ತರುತ್ತಿದ್ದಾರೆ.

ಆನೆಯಿಂದ ಬೆಳೆ ಕಳೆದುಕೊಳ್ಳುವ ಅಲ್ಲಿನ ರೈತರ ಗತಿಯೇನು?

ಈ ಪ್ರಶ್ನೆಯನ್ನು ಹಾಸನ, ಕೊಡಗು, ಚಾಮರಾಜನಗರದವರಿಗೆ ವಿವರಿಸಬೇಕಾಗಿಲ್ಲ. ಕೀನ್ಯಾದ ವನ್ಯಪ್ರಾಣಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಉದ್ಯಾನಗಳ ಹೊರಗೆ, ಜನರ ನಡುವೆಯೇ ಬದುಕುತ್ತವೆಂದು ಅಂದಾಜು. 2013ರ ವನ್ಯಜೀವಿ ಕಾಯ್ದೆಯಲ್ಲಿ ಪ್ರಾಣಹಾನಿಗೆ 50 ಲಕ್ಷ ಶಿಲಿಂಗ್ ಪರಿಹಾರವಿದೆ, ಬೆಳೆಹಾನಿಗೂ ಪರಿಹಾರ ಉಂಟು. ಕೈಗೆ ಬರುವುದು ಬಹಳ ತಡ ಎಂಬ ದೂರೂ ಉಂಟು. ತ್ಸಾವೋ ಪೂರ್ವದ ಪಕ್ಕದ ಸಗಲ್ಲಾ ಎಂಬಲ್ಲಿ ‘ಸೇವ್ ದಿ ಎಲಿಫೆಂಟ್ಸ್’ ಸಂಸ್ಥೆಯ ಲೂಸಿ ಕಿಂಗ್ ರೂಪಿಸಿದ ಜೇನುಬೇಲಿ ಈಗ ಹೆಸರಾಗಿದೆ. ಹೊಲದ ಸುತ್ತ ಕಂಬಗಳಿಗೆ ಜೇನುಪೆಟ್ಟಿಗೆಗಳನ್ನು ನೇತುಹಾಕಿ ತಂತಿಯಿಂದ ಜೋಡಿಸುತ್ತಾರೆ. ಆನೆ ತಂತಿಯನ್ನು ತಳ್ಳಿದರೆ ಪೆಟ್ಟಿಗೆ ಅಲುಗಿ ಜೇನುಹುಳುಗಳು ಏಳುತ್ತವೆ. ಆನೆಯ ಚರ್ಮ ದಪ್ಪವಾದರೂ ಕಣ್ಣಿನ ಸುತ್ತ, ಸೊಂಡಿಲ ಒಳಗೆ ಕುಟುಕಿದರೆ ತಡೆಯಲಾರದು, ಝೇಂಕಾರ ಕೇಳಿಯೇ ಹಿಂದೆ ಸರಿಯುವುದನ್ನು ಕಲಿಯುತ್ತದೆ. ತೀವ್ರ ಬರದಲ್ಲಿ ಜೇನುಹುಳುಗಳೇ ಪೆಟ್ಟಿಗೆ ಬಿಟ್ಟುಹೋಗುವುದು ಇದರ ಮಿತಿ. ರೈತನ ನಷ್ಟಕ್ಕೆ ಉತ್ತರವಿಲ್ಲದ ಯಾವ ವನ್ಯಜೀವಿ ಯೋಜನೆಗೂ ಬಾಳಿಕೆ ಇಲ್ಲ.

ಮರಿಗಳ ಆರೈಕೆಗೆ ಸ್ವಯಂಸೇವಕರಾಗಿ ಹೋಗಬಹುದೇ?

ಒಳ್ಳೆಯ ಕೇಂದ್ರಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಬಂದು ಹೋಗುವವರನ್ನು ಹಚ್ಚಿಕೊಂಡ ಮರಿ ಮತ್ತೊಮ್ಮೆ ಅಗಲಿಕೆ ಅನುಭವಿಸಬೇಕಾಗುತ್ತದೆ. ಹಣ ಪಡೆದು ಸಿಂಹದ ಮರಿಗಳನ್ನು ಎತ್ತಿ ಆಡಿಸಲು ಬಿಡುವ ಜಾಗಗಳ ಬಗ್ಗೆಯಂತೂ ಬಹಳ ಎಚ್ಚರವಿರಬೇಕು. ದಕ್ಷಿಣ ಆಫ್ರಿಕಾದಲ್ಲಿ ಅಂಥ ಹಲವು ಮರಿಗಳು ಬೆಳೆದ ಮೇಲೆ ಬೇಲಿಯೊಳಗಿನ ಮೋಜಿನ ಬೇಟೆಗೆ ಮತ್ತು ಮೂಳೆ ವ್ಯಾಪಾರಕ್ಕೆ ಬಲಿಯಾದವು. ಸಿಂಹಗಳ ಈ ಸಾಕಾಣಿಕೆಯನ್ನು ಕೊನೆಗಾಣಿಸುವುದಾಗಿ ಅಲ್ಲಿನ ಸರಕಾರ 2021ರಲ್ಲಿ ಘೋಷಿಸಿತು. ಪ್ರಾಣಿಗಳನ್ನು ಮುಟ್ಟಿಸುವ, ಮರಿ ಹಾಕಿಸುವ, ಎಂದೂ ಕಾಡಿಗೆ ಬಿಡದ ಜಾಗ ರಕ್ಷಣಾಧಾಮವಲ್ಲ.

ಭಾರತದಿಂದ ಹಣದ ನೆರವು ಕಳಿಸುವುದು ಹೇಗೆ?

ಶೆಲ್ಡ್ರಿಕ್ ಟ್ರಸ್ಟಿನಲ್ಲಿ ಒಂದು ಮರಿಯ ಹೆಸರಿನಲ್ಲಿ ವರ್ಷಕ್ಕಿಷ್ಟು ಎಂದು ಹಣ ಕೊಟ್ಟು ಪೋಷಕರಾಗಬಹುದು. ಆ ಮರಿಯ ವರದಿ ತಿಂಗಳು ತಿಂಗಳೂ ಬರುತ್ತದೆ. ರೆಟೆಟಿ ಮೊದಲಾದ ಕೇಂದ್ರಗಳೂ ದೇಣಿಗೆ ಸ್ವೀಕರಿಸುತ್ತವೆ. ಭಾರತದ ನಿವಾಸಿಗಳು ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ವಿದೇಶಕ್ಕೆ ದೇಣಿಗೆ ಕಳಿಸಬಹುದು, ಆದರೆ ವಿದೇಶಿ ಸಂಸ್ಥೆಗೆ ಕೊಟ್ಟದ್ದಕ್ಕೆ ಇಲ್ಲಿನ ಆದಾಯ ತೆರಿಗೆಯಲ್ಲಿ ವಿನಾಯಿತಿ ದೊರೆಯುವುದಿಲ್ಲ. ಸಂಸ್ಥೆಯ ವಾರ್ಷಿಕ ಲೆಕ್ಕಪತ್ರ ನೋಡದೆ, ಜಾಲತಾಣದಲ್ಲಿ ಕಂಡ ಕರುಣಾಜನಕ ಚಿತ್ರ ನಂಬಿ ಹಣ ಕಳಿಸಬಾರದು. ಬೇರೆಯವರ ಚಿತ್ರಗಳನ್ನು ಕದ್ದು ಹಣ ಎತ್ತುವವರು ಇದ್ದಾರೆ. ನನ್ನ ಸಲಹೆ ಕೇಳಿದರೆ, ಕೊಡುವುದರಲ್ಲಿ ಅರ್ಧ ಮರಿಗಳ ಹಾಲಿಗೆ, ಇನ್ನರ್ಧ ಗಸ್ತುಪಡೆಗಳಿಗೆ ಮತ್ತು ಜನರೊಡನೆ ಕೆಲಸ ಮಾಡುವವರಿಗೆ ಹೋಗಲಿ.

ನೈರೋಬಿಗೆ ಹೋದಾಗ ಮರಿಗಳನ್ನು ನೋಡಬಹುದೇ?

ನೋಡಬಹುದು. ಬೆಳಗ್ಗೆ 11ರಿಂದ ಒಂದು ಗಂಟೆ ಕಾಲ, ಮರಿಗಳು ಹಾಲು ಕುಡಿದು ಕೆಸರಿನಲ್ಲಿ ಹೊರಳುವ ಹೊತ್ತಿಗೆ ಸಾರ್ವಜನಿಕರಿಗೆ ಪ್ರವೇಶವಿದೆ, ಮುಂಚಿತವಾಗಿ ಕಾಯ್ದಿರಿಸಬೇಕು. ಉಳಿದ ಹೊತ್ತೆಲ್ಲ ಅವು ಉದ್ಯಾನದ ಪೊದೆಗಳ ನಡುವೆ ಇರುತ್ತವೆ. ಕೀನ್ಯಾಕ್ಕೆ ಹೊರಡುವ ಹತ್ತು ದಿನಗಳಿಗೆ ಮೊದಲೇ ಹಳದಿಜ್ವರದ ಲಸಿಕೆ ಹಾಕಿಸಿಕೊಂಡು ಪ್ರಮಾಣಪತ್ರ ಇಟ್ಟುಕೊಳ್ಳಿ. ಮರಳಿ ಬರುವಾಗ ಭಾರತದ ವಿಮಾನ ನಿಲ್ದಾಣದಲ್ಲಿ ಅದನ್ನು ಕೇಳುತ್ತಾರೆ.

ಸಫಾರಿಯಲ್ಲಿ ಗಾಯಗೊಂಡ ಅಥವಾ ಒಂಟಿಯಾದ ಪ್ರಾಣಿ ಕಂಡರೆ ಏನು ಮಾಡಬೇಕು?

ವಾಹನದಿಂದ ಇಳಿಯಬಾರದು, ಹತ್ತಿರ ಹೋಗಲು ಚಾಲಕನನ್ನು ಒತ್ತಾಯಿಸಬಾರದು, ನೀರು ಆಹಾರ ಎಸೆಯಬಾರದು. ಜಾಗದ ಗುರುತು, ಸಮಯ, ಪ್ರಾಣಿ ಕುಂಟುತ್ತಿದೆಯೇ, ಕುತ್ತಿಗೆ ಅಥವಾ ಕಾಲಿನಲ್ಲಿ ತಂತಿ ಕಾಣುತ್ತದೆಯೇ, ಸುತ್ತ ಹಿಂಡಿದೆಯೇ ಎಂಬುದನ್ನು ಗಮನಿಸಿ, ದೂರದಿಂದ ಒಂದೆರಡು ಚಿತ್ರ ತೆಗೆದು ಮಾರ್ಗದರ್ಶಕರ ಮೂಲಕ ಉದ್ಯಾನದ ಸಿಬ್ಬಂದಿಗೆ ಕೂಡಲೇ ತಿಳಿಸಬೇಕು. ಅಲ್ಲಿನ ಮಾರ್ಗದರ್ಶಕರ ಬಳಿ ಸಾಮಾನ್ಯವಾಗಿ ರೇಡಿಯೋ ಇರುತ್ತದೆ. ಖಡ್ಗಮೃಗದಂಥ ಪ್ರಾಣಿಯ ಚಿತ್ರವನ್ನು ಜಾಗದ ವಿವರದೊಡನೆ ಸಾಮಾಜಿಕ ಜಾಲತಾಣಕ್ಕೆ ಹಾಕಬಾರದು, ಏಕೆಂದರೆ ಬೇಟೆಗಾರರೂ ಅವನ್ನು ನೋಡುತ್ತಾರೆ. ಹುಲ್ಲಿನಲ್ಲಿ ಮುದುರಿ ಮಲಗಿದ ಜಿಂಕೆಮರಿಯ ತಾಯಿ ಬಹುತೇಕ ಮೇಯಲು ಹೋಗಿರುತ್ತದೆ. ಚೀತಾ ಮರಿಗಳ ತಾಯಿ ಬೇಟೆಗೆ ಹೋಗಿರುತ್ತದೆ. ಅಂಥ ಮರಿಗಳ ಸುತ್ತ ವಾಹನಗಳು ಮುತ್ತಿಕೊಂಡರೆ ತಾಯಿ ಹತ್ತಿರ ಬರಲು ಹೆದರುತ್ತದೆ. ನಮ್ಮ ಚಾಲಕನಿಗೆ ಹೊರಡೋಣ ಎಂದು ಮೊದಲು ಹೇಳುವವರು ನಾವಾಗಬೇಕು.